ಹಾರುವ ಪೊರಕೆಯೂ ಅಪರೂಪದ ದರ್ಜೆಯೂ

ಪ್ರಶ್ನೆ: ನಾವು ಐವರು ಗೆಳೆಯರು ಭಾನುವಾರ ಸಂಜೆ ಮನೆಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಆಡುತ್ತೇವೆ. ಆಟ ನಡೆಸುವ ಹೊಣೆ ನನ್ನದು. ಮೂರನೆಯ ಲೆವೆಲ್ಲಿನ, ಅಂದರೆ ಇನ್ನೂ ಆರಂಭದ ಮೆಟ್ಟಿಲುಗಳಲ್ಲಿರುವ ಪಾತ್ರವೊಂದಕ್ಕೆ ಹಾರುವ ಪೊರಕೆಯನ್ನು ಕೊಟ್ಟೆ. 2014ರ ನಿಯಮಪುಸ್ತಕ ಮಾಂತ್ರಿಕ ವಸ್ತುಗಳಿಗೆ ಕೊಡುವ ಅಪರೂಪದ ದರ್ಜೆಗಳಲ್ಲಿ ಅದು ‘ಅನ್‌ಕಾಮನ್’ ಎಂದಷ್ಟೇ ಇತ್ತು. ಅಂದಿನಿಂದ ಕಂದಕ, ಕೋಟೆಗೋಡೆ, ಹೊಳೆ ಯಾವುದೂ ಅಡ್ಡಿಯಾಗುತ್ತಿಲ್ಲ. ನಿಯಮವನ್ನು ನಾನು ತಪ್ಪಾಗಿ ಓದಿಕೊಂಡೆನೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಯಮವನ್ನು ನೀವು ಸರಿಯಾಗಿಯೇ ಓದಿದ್ದೀರಿ. ಆದರೆ ಆ ದರ್ಜೆಯ ಹೆಸರು ಹೇಳಲಾರದ ಸಂಗತಿಯೊಂದನ್ನು ಅದರಿಂದ ನಿರೀಕ್ಷಿಸಿದ್ದೀರಿ. ಕಾಮನ್, ಅನ್‌ಕಾಮನ್, ರೇರ್, ವೆರಿ ರೇರ್, ಲೆಜೆಂಡರಿ, ಎಲ್ಲಕ್ಕೂ ಮೇಲೆ ಆರ್ಟಿಫ್ಯಾಕ್ಟ್ ಎಂಬ ಆರು ದರ್ಜೆಗಳಲ್ಲಿ ಮೊದಲೆರಡನ್ನು ಒಂದನೆಯ ಲೆವೆಲ್ಲಿನಿಂದ, ರೇರ್ ವಸ್ತುಗಳನ್ನು 5ರಿಂದ, ವೆರಿ ರೇರ್ ವಸ್ತುಗಳನ್ನು 11ರಿಂದ, ಲೆಜೆಂಡರಿಯನ್ನು 17ರಿಂದ ಕೊಡಬಹುದೆಂದು ಆ ಪುಸ್ತಕ ಸೂಚಿಸುತ್ತದೆ. ಹೀಗೆ ದರ್ಜೆಯನ್ನು ಲೆವೆಲ್ಲಿಗೆ ಕಟ್ಟಿರುವುದರಿಂದ ಅದು ಶಕ್ತಿಯ ಅಳತೆಯೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ವಾಸ್ತವದಲ್ಲಿ ವಸ್ತು ಎಷ್ಟು ವಿರಳ, ಎಷ್ಟು ಬಲಶಾಲಿ ಎಂಬ ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಪದ ಉತ್ತರ ಕೊಡಲು ಹೊರಟು ಎಡವುತ್ತದೆ.

ನಿಮ್ಮ ಪೊರಕೆಯೇ ಇದಕ್ಕೆ ಸಾಕ್ಷಿ. ಅದೇ ಪುಸ್ತಕದಲ್ಲಿ ಒಂದು ಗಂಟೆ ಮಾತ್ರ ಹಾರಿಸುವ, ಕುಡಿದರೆ ಮುಗಿದುಹೋಗುವ ಪಾನೀಯಕ್ಕೆ ‘ವೆರಿ ರೇರ್’ ದರ್ಜೆಯಿದೆ. ದಿನವಿಡೀ ಹಾರಿಸುವ ಪೊರಕೆ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿದೆ. ಮೇಲಾಗಿ ಒಬ್ಬ ಪಾತ್ರಧಾರಿ ಒಮ್ಮೆಗೆ ಮೂರು ವಸ್ತುಗಳೊಡನೆ ಮಾತ್ರ ಅಟ್ಯೂನ್ ಆಗಬಹುದು, ಅಂದರೆ ಮಾಂತ್ರಿಕ ನಂಟು ಬೆಸೆಯಬಹುದು ಎಂಬ ಮಿತಿಯೂ ಪೊರಕೆಗೆ ತಗಲುವುದಿಲ್ಲ, ಏಕೆಂದರೆ ಅದಕ್ಕೆ ಅಟ್ಯೂನ್‌ಮೆಂಟ್ ಬೇಕಿಲ್ಲ. ನಮ್ಮ ಕಡೆಯ ಕಾಫಿಯನ್ನು ನೆನೆದುಕೊಳ್ಳಿ. ಪ್ಲಾಂಟೇಷನ್ ಎ, ಬಿ ಎಂಬ ದರ್ಜೆಗಳು ಮುಖ್ಯವಾಗಿ ಜರಡಿಯಲ್ಲಿ ನಿಂತ ಬೀಜದ ಗಾತ್ರವನ್ನೂ, ಪೀಬೆರಿ ಎಂಬುದು ಅದರ ದುಂಡನೆಯ ಆಕಾರವನ್ನೂ ಹೇಳುತ್ತವೆ. ಡಿಕಾಕ್ಷನ್ ಹೇಗಿರುತ್ತದೆಂಬುದನ್ನು ಕುಡಿದೇ ತಿಳಿಯಬೇಕು.

ದರ್ಜೆಗಳೆಲ್ಲವೂ ಅಡ್ಡಾದಿಡ್ಡಿ ಎಂದು ಹೇಳುತ್ತಿಲ್ಲ. ಹೊಡೆಯುವಾಗ ಒಂದು ಅಂಕ ಕೂಡಿಸುವ +1 ಕತ್ತಿ ಅನ್‌ಕಾಮನ್ ಆಗಿದ್ದು, ರಕ್ಷಣೆಗೆ ಒಂದು ಅಂಕ ಕೂಡಿಸುವ +1 ಕವಚ ರೇರ್ ಆಗಿರುವುದರ ಹಿಂದೆ ಒಳ್ಳೆಯ ಲೆಕ್ಕವಿದೆ. ಪ್ಲೇಟ್ ಕವಚವನ್ನು ತೊಟ್ಟು ಗುರಾಣಿ ಹಿಡಿದವನ ರಕ್ಷಣಾಂಕ, ಅಂದರೆ ಅವನಿಗೆ ಪೆಟ್ಟು ತಾಕಲು ಎದುರಾಳಿ ಮುಟ್ಟಬೇಕಾದ ಅಂಕ, 20. ಹೊಡೆಯುವಾಗ ದಾಳದ ಅಂಕಕ್ಕೆ 4 ಕೂಡಿಸುವ ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿ ಅವನನ್ನು ತಾಕಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 16 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದರೆ ಐದು ಮುಖಗಳು. ಕವಚಕ್ಕೆ ಒಂದೇ ಒಂದು ಅಂಕ ಸೇರಿದರೆ ಆ ಐದು ನಾಲ್ಕಾಗುತ್ತದೆ. ಬೀಳುತ್ತಿದ್ದ ಪೆಟ್ಟುಗಳಲ್ಲಿ ಐದನೆಯ ಒಂದು ಭಾಗ ಇಲ್ಲವಾಗುತ್ತದೆ. ರಕ್ಷಣೆ ಹೆಚ್ಚಿದಷ್ಟೂ ಮುಂದಿನ ಅಂಕದ ಬೆಲೆ ಏರುವುದನ್ನು ನಿಯಮ ರಚಿಸಿದವರು ಗಮನಿಸಿದ್ದಾರೆ. ಅಂಕಗಳಲ್ಲಿ ಅಳೆಯಬಹುದಾದ ಕಡೆ ದರ್ಜೆಯನ್ನು ನಂಬಬಹುದು. ಹಾರುವುದು, ಮಾಯವಾಗುವುದು, ಗೋಡೆ ದಾಟುವುದು ಇಂಥವುಗಳಲ್ಲಿ ದರ್ಜೆಯನ್ನು ಬದಿಗಿಟ್ಟು, ಈ ವಸ್ತು ನನ್ನ ಕಥೆಯ ಯಾವ ಬಗೆಯ ಅಡ್ಡಿಯನ್ನು ಶಾಶ್ವತವಾಗಿ ತೆಗೆದುಹಾಕುತ್ತದೆ ಎಂದು ನೀವೇ ಕೇಳಿಕೊಳ್ಳಬೇಕು.

ಕೊಟ್ಟದ್ದನ್ನು ಕಸಿದುಕೊಳ್ಳಬೇಡಿ. ಕಳ್ಳನೊಬ್ಬ ರಾತ್ರೋರಾತ್ರಿ ಪೊರಕೆ ಕದ್ದೊಯ್ದನೆಂದರೆ ಆಟಗಾರರಿಗೆ ನಿಜವಾದ ಕಳ್ಳ ಯಾರೆಂದು ತಿಳಿಯುತ್ತದೆ, ನಿಮ್ಮ ಮೇಲಿನ ವಿಶ್ವಾಸವೂ ಹೋಗುತ್ತದೆ. ಪೊರಕೆ ಹೊರುವುದು 400 ಪೌಂಡ್ ಮಾತ್ರ, 200 ದಾಟಿದರೆ ವೇಗವೂ ಸರದಿಗೆ 50 ಅಡಿಯಿಂದ 30ಕ್ಕೆ ಇಳಿಯುತ್ತದೆ ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಬ್ಬ ಕೋಟೆಯೊಳಕ್ಕೆ ಹಾರಿ ಇಳಿದರೂ ಉಳಿದವರು ಹೊರಗೇ ಇರುತ್ತಾರೆ, ಒಳಗಿಳಿದವನು ಒಂಟಿಯಾಗಿರುತ್ತಾನೆ; ಅಲ್ಲಿ ನಿಮಗೆ ಹೊಸ ಸನ್ನಿವೇಶ ಹುಟ್ಟುತ್ತದೆ. ಅದೂ ಸಾಲದಿದ್ದರೆ ಪೊರಕೆಗೆ ಅಟ್ಯೂನ್‌ಮೆಂಟ್ ಬೇಕೆಂಬ ನಿಯಮವನ್ನು ಎಲ್ಲರೊಡನೆ ಮಾತಾಡಿ, ಒಪ್ಪಿಗೆ ಪಡೆದು ಸೇರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಪಾತ್ರಗಳ ಬಳಿ ಚಿನ್ನದ ನಾಣ್ಯ ರಾಶಿ ಬಿದ್ದಿದೆ. ಮಾಂತ್ರಿಕ ವಸ್ತುಗಳನ್ನು ಅಂಗಡಿಯಲ್ಲಿ ಮಾರಬಹುದೆ? ದರ್ಜೆಯಿಂದ ಬೆಲೆ ಕಟ್ಟುವುದು ಹೇಗೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಬಹುತೇಕ ಪ್ರತಿಯೊಂದು ವಸ್ತುವಿಗೂ ಬೆಲೆಯಿತ್ತು; ಆಯುಧಕ್ಕೆ +1 ಸೇರಿಸಲು 2,000 ನಾಣ್ಯ, +2ಕ್ಕೆ 8,000, +3ಕ್ಕೆ 18,000 ಎಂದು, ಅಂಕವನ್ನು ಅದರಿಂದಲೇ ಗುಣಿಸುವ ವರ್ಗದ ಲೆಕ್ಕದಲ್ಲಿ ಏರುತ್ತಿತ್ತು. 2014ರಲ್ಲಿ ಅದನ್ನು ಬಿಟ್ಟು ದರ್ಜೆಗೊಂದು ವ್ಯಾಪ್ತಿಯನ್ನಷ್ಟೇ ಕೊಟ್ಟರು. ರೇರ್ ವಸ್ತುವಿಗೆ 501ರಿಂದ 5,000 ಎಂದರೆ ಹತ್ತು ಪಟ್ಟಿನ ಅಂತರ. ವ್ಯಾಪಾರಿಯ ಬಾಯಿಂದ ಒಂದು ಬೆಲೆ ಹೇಳಿಸಬೇಕಾದ, ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಇದು ನೆರವಾಗುವುದಿಲ್ಲ. 2024ರ ಪುಸ್ತಕ ಖಚಿತ ಅಂಕಿಗಳಿಗೆ ಮರಳಿದೆ: ಕಾಮನ್ 100, ಅನ್‌ಕಾಮನ್ 400, ರೇರ್ 4,000, ವೆರಿ ರೇರ್ 40,000, ಲೆಜೆಂಡರಿ 2,00,000. ಪಾನೀಯದಂತೆ ಒಮ್ಮೆ ಬಳಸಿ ಮುಗಿಯುವ ವಸ್ತುವಿಗೆ ಅರ್ಧ ಬೆಲೆ. ಆರ್ಟಿಫ್ಯಾಕ್ಟಿಗೆ ಬೆಲೆಯೇ ಇಲ್ಲ. ಈ ಅಂಕಿಗಳಿಂದ ಆರಂಭಿಸಿ, ಪೊರಕೆಯಂಥ ವಸ್ತುಗಳಿಗೆ ಒಂದು ದರ್ಜೆ ಮೇಲಿನ ಬೆಲೆ ಹಾಕಿ ಎಂಬುದು ನನ್ನ ಸಲಹೆ.

ಅಂಗಡಿಯ ವಿಚಾರದಲ್ಲಿ, ಕಾಮನ್ ವಸ್ತುಗಳು ಸಂತೆಯಲ್ಲಿ ಸಿಗಲಿ. ಅದಕ್ಕೂ ಮೇಲಿನವನ್ನು ಹುಡುಕಿಯೇ ಕೊಳ್ಳುವಂತಿರಲಿ. ಮಾರುವವರನ್ನು ಪತ್ತೆಮಾಡಲು ಕನಿಷ್ಠ ಒಂದು ವಾರ ಹಾಗೂ 100 ನಾಣ್ಯ ವ್ಯಯಿಸಬೇಕೆಂಬ ನಿಯಮವೊಂದು 2017ರ ಪೂರಕ ಪುಸ್ತಕದಲ್ಲಿದೆ, ಅದನ್ನು ನಾನು ಬಹಳ ಮೆಚ್ಚುತ್ತೇನೆ. ಆ ಹುಡುಕಾಟದಲ್ಲೇ ಒಂದು ಸಂಜೆಯ ಆಟ ಸಿಗುತ್ತದೆ.

ಪ್ರಶ್ನೆ: ಇಂಥದ್ದೇ ಇನ್ನೊಂದು ಆಟವಾದ ಪಾತ್‌ಫೈಂಡರ್‌ನಲ್ಲಿಯೂ ಇದೇ ತೊಡಕಿದೆಯೆ?
– ಓದುಗರೊಬ್ಬರು, ಕಡೂರು

ಉತ್ತರ: ಬಹುಮಟ್ಟಿಗೆ ಇಲ್ಲ. 2019ರ ಎರಡನೆಯ ಆವೃತ್ತಿಯಲ್ಲಿ ವಸ್ತುವಿಗೂ ಲೆವೆಲ್ ಇದೆ. ಶಕ್ತಿ, ಬೆಲೆಗಳನ್ನು ಅದು ಹೇಳುತ್ತದೆ. ಕಾಮನ್, ಅನ್‌ಕಾಮನ್, ರೇರ್, ಯೂನಿಕ್ ಎಂಬ ದರ್ಜೆಗಳು ಅದು ಎಷ್ಟು ಸುಲಭವಾಗಿ ಸಿಗುತ್ತದೆಂಬುದನ್ನು ಮಾತ್ರ ತಿಳಿಸುತ್ತವೆ. ಈ ಬೇರ್ಪಡಿಕೆಯೇ ಸರಿಯಾದ ದಾರಿ ಎಂದು ನನಗೆ ತೋರುತ್ತದೆ.

ಪ್ರಶ್ನೆ: ಕಲ್ಲನ್ನು ಜೇಡಿಮಣ್ಣಿನಂತೆ ತಿದ್ದಬಲ್ಲ ಹೊಯ್ಸಳ ಶಿಲ್ಪಿಯ ಉಳಿಯೊಂದನ್ನು ನಮ್ಮ ಆಟಕ್ಕಾಗಿ ಕಲ್ಪಿಸಿದ್ದೇನೆ. ಅದಕ್ಕೆ ಯಾವ ದರ್ಜೆ ಕೊಡಲಿ?
– ಓದುಗರೊಬ್ಬರು, ಬೇಲೂರು

ಉತ್ತರ: ಬಲು ಸೊಗಸಾದ ಕಲ್ಪನೆ. 2014ರ ಪುಸ್ತಕದಲ್ಲಿ ಹೊಸ ವಸ್ತು ರಚಿಸುವವರಿಗೆ ಒಂದು ಪಟ್ಟಿಯಿದೆ. ಅದರಂತೆ ಅನ್‌ಕಾಮನ್ ವಸ್ತು ಮೂರನೆಯ ಹಂತದವರೆಗಿನ ಮಂತ್ರವನ್ನೂ, ರೇರ್ ವಸ್ತು ಆರನೆಯ ಹಂತದವರೆಗಿನದನ್ನೂ ಹೊಂದಬಹುದು. ನೀವು ಹೇಳಿದ ಕೆಲಸ ಮಾಡುವ ‘ಸ್ಟೋನ್ ಶೇಪ್’ ಎಂಬ ಮಂತ್ರ ನಾಲ್ಕನೆಯ ಹಂತದ್ದು. ಆದ್ದರಿಂದ ದಿನಕ್ಕೊಮ್ಮೆ ಅದನ್ನು ಬಳಸಬಹುದಾದ ಉಳಿ ರೇರ್ ಆಗುತ್ತದೆ. ಆದರೆ ಆ ಮಂತ್ರ ಐದು ಅಡಿಗಿಂತ ಕಡಿಮೆ ದಪ್ಪದ ಗೋಡೆಯಲ್ಲಿ ದಾರಿ ಕೊರೆಯಬಲ್ಲದು. ನಿಮ್ಮ ಕಥೆ ನೆಲಮಾಳಿಗೆಗಳಲ್ಲೂ ಸೆರೆಮನೆಗಳಲ್ಲೂ ನಡೆಯುವುದಾದರೆ ಹಾಸನದ ಗೆಳೆಯರ ಪೊರಕೆಯ ಪಾಡೇ ನಿಮ್ಮದೂ ಆದೀತು. ಅದಕ್ಕೆ ಪರಿಹಾರ ನಿಮ್ಮ ಊರಿನಲ್ಲೇ ಇದೆ: ಉಳಿ ಬಳಪದ ಕಲ್ಲಿನ ಮೇಲೆ ಮಾತ್ರ ಕೆಲಸ ಮಾಡಲಿ. ಆಗ ಅದು ಎಲ್ಲಿ ನಡೆಯಬೇಕು, ಎಲ್ಲಿ ನಡೆಯಬಾರದು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಕೆಲವರನ್ನು ಕೆತ್ತಿದ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕಲ್ಲಿನಲ್ಲೇ ಬಿಟ್ಟುಹೋಗಿದ್ದಾರೆ; ನಿಮ್ಮ ಉಳಿಯ ಹಿಡಿಯ ಮೇಲೂ ಅದನ್ನು ಮಾಡಿದವನ ಹೆಸರಿರಲಿ, ಆ ಹೆಸರನ್ನು ಓದಿದವನಿಗೆ ಮಾತ್ರ ಅದು ಅಟ್ಯೂನ್ ಆಗಲಿ.