ಶಿರಿಯಾ ಅಳಿವೆಯ ಹಕ್ಕಿಗಳು ಮೇ ತಿಂಗಳಲ್ಲಿ ಎಲ್ಲಿಗೆ ಹೋಗುತ್ತವೆ?

ನಮಸ್ಕಾರ. ಕಾಸರಗೋಡಿನ ಶಿರಿಯಾ ಹೊಳೆಯ ಅಳಿವೆಯಲ್ಲಿ ಚಳಿಗಾಲವಿಡೀ ಓಡಾಡುವ ಪುಟ್ಟ ಹಕ್ಕಿಗಳು ಮೇ ಹೊತ್ತಿಗೆ ಕಾಣುವುದಿಲ್ಲ, ಇಲ್ಲೇ ಎಲ್ಲೋ ಗೂಡು ಮಾಡುತ್ತವಾ ಅಂತ ಕೇಳಿದ್ದೀರಿ.

ಹೆಚ್ಚಿನವು ಇಲ್ಲಿ ಮೊಟ್ಟೆ ಇಡುವುದೇ ಇಲ್ಲ. ನಮ್ಮಲ್ಲಿ ಕಾಣುವ ಹೆಚ್ಚಿನ ಸ್ಯಾಂಡ್ ಪ್ಲೋವರ್‌ಗಳು ಹಿಮಾಲಯ ದಾಟಿ ಟಿಬೆಟ್ ಕಡೆ ಹೋಗಿ ಮರಿ ಮಾಡುತ್ತವೆ. ಏಪ್ರಿಲ್‌ನಲ್ಲಿ ಬೈನಾಕ್ಯುಲರ್ ಹಿಡಿದು ನೋಡಿ, ಎದೆಗೆ ಇಟ್ಟಿಗೆ ಬಣ್ಣ ಏರಿರುತ್ತದೆ. ಅದು ಹೊರಡುವ ಲಕ್ಷಣ. ಕೊಕ್ಕು ತುಸು ಬಾಗಿದ ಕರ್ಲ್ಯೂ ಸ್ಯಾಂಡ್‌ಪೈಪರ್ ಇನ್ನೂ ದೂರ, ಸೈಬೀರಿಯಾದ ಉತ್ತರ ತುದಿಗೆ. 2024ರಲ್ಲಿ ಇದನ್ನು ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ) ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿದೆ. ಅಷ್ಟು ದೂರ ಹಾರಲು ಬೇಕಾದ ಕೊಬ್ಬನ್ನು ನಮ್ಮ ಕೆಸರಿನ ಹುಳ, ಸಣ್ಣ ಏಡಿ ತಿಂದೇ ತುಂಬಿಸಿಕೊಳ್ಳಬೇಕು. ನಾಯಿ ಅಟ್ಟಿಸಿಕೊಂಡು ಹೋದರೆ, ಮರಳಲ್ಲಿ ಬೈಕ್ ಓಡಿಸಿದರೆ ಮೇಯುವ ಹೊತ್ತೇ ಹಾಳು.

ಇನ್ನು ಹೊಳೆ ಮರಳಿನಲ್ಲಿ ನೀವು ಕಂಡ 'ರೆಕ್ಕೆ ಮುರಿದ' ಹಕ್ಕಿ. ಕಣ್ಣ ಸುತ್ತ ಹಳದಿ ಉಂಗುರ ಇತ್ತು ಅಂದಿರಲ್ಲ, ಅದು ಇಲ್ಲೇ ಗೂಡು ಮಾಡುವ ಲಿಟಲ್ ರಿಂಗ್ಡ್ ಪ್ಲೋವರ್ ಇರಬೇಕು. ರೆಕ್ಕೆಗೆ ಏನೂ ಆಗಿಲ್ಲ ಮಾರಾಯ್ರೆ, ಸುಮ್ನೆ ನಾಟಕ! ನಿಮ್ಮನ್ನು ಮೊಟ್ಟೆಯಿಂದ ದೂರ ಎಳೆಯುವ ಉಪಾಯ. ಗೂಡು ಅಂದರೆ ಮರಳಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಚುಕ್ಕೆ ಚುಕ್ಕೆ, ಥೇಟ್ ಬೆಣಚುಕಲ್ಲು. ನಾನೇ ಒಮ್ಮೆ ಮೆಟ್ಟಿಬಿಡುವವನಿದ್ದೆ. ಇನ್ನೊಮ್ಮೆ ಕಂಡರೆ ಫೋಟೋಗೆ ನಿಲ್ಲಬೇಡಿ, ಬಂದ ಹೆಜ್ಜೆಯಲ್ಲೇ ಹಿಂದೆ ಬನ್ನಿ. ನೀವು ನಿಂತಷ್ಟು ಹೊತ್ತು ಹಕ್ಕಿ ಗೂಡಿಗೆ ಮರಳುವುದಿಲ್ಲ, ಬಿಸಿಲಿಗೆ ಮೊಟ್ಟೆ ಬೇಗ ಕೆಡುತ್ತದೆ.