ಏಳು ಮಂದಿಯ ಮನೆಗೆ ಹಳೆಯ ದೊಡ್ಡ ಗಾಡಿ: ಹಿಂದಿನ ಸೀಟಿನಿಂದ ನೋಡಲು ಶುರು ಮಾಡಿ

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿ ವಿದ್ಯಾನಗರದಲ್ಲಿ ಮನೆ. ಗಂಡ-ಹೆಂಡತಿ, ಇಬ್ಬರು ಮಕ್ಕಳು, ಮೂರನೆಯದು ಬರುವುದಿದೆ, ಜೊತೆಗೆ ಅಪ್ಪ-ಅವ್ವ. 12 ಲಕ್ಷದೊಳಗೆ 2014ರ ಫಾರ್ಚುನರ್, 2017ರ ಇನ್ನೋವಾ ಕ್ರಿಸ್ಟಾ, 2018ರ ಎಕ್ಸ್‌ಯುವಿ500 ನೋಡಿ ಇಟ್ಟಿದ್ದೀರಿ, ಮೂರೂ ಡೀಸೆಲ್. ಮನಸ್ಸು ಫಾರ್ಚುನರ್ ಕಡೆಗಿದೆ. ಯಾವುದು ತಗೋಬೇಕು?

ಫಾರ್ಚುನರ್ ಬೇಡ ಅಂತೀನಿ. ಗಾಡಿ ಕೆಟ್ಟದ್ದು ಅಂತಲ್ಲ, ಆ 3.0 ಲೀಟರ್ ಎಂಜಿನ್ ಗಟ್ಟಿಯೇ. ಆದರೆ ಹಳೆಯ ಗಾಡಿಯ ದರ ಇಳಿಯುತ್ತದೆ, ಅದರ ಸಾಮಾನಿನ ದರ ಇಳಿಯುವುದಿಲ್ಲ. 12 ಲಕ್ಷಕ್ಕೆ ತಂದರೂ ಬಿಲ್ಲು ಬರುವುದು ಹೊಸ ಫಾರ್ಚುನರ್ ಲೆಕ್ಕದಲ್ಲೇ. ಟೈರನ್ನೇ ನೋಡಿ: ಅದಕ್ಕೆ 265/65 ಆರ್17 ಬೇಕು, ಕ್ರಿಸ್ಟಾದ ಸಾದಾ ಮಾಡೆಲ್‌ಗೆ 205/65 ಆರ್16 ಸಾಕು. ಐದು ಟೈರ್ ಬದಲಿಸುವ ದಿನ ಈ ವ್ಯತ್ಯಾಸ ಅರ್ಥವಾಗುತ್ತದೆ. 2014ರ ಗಾಡಿಯ ಆರ್‌ಸಿ ಹದಿನೈದು ವರ್ಷ ತುಂಬಿ 2029ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್, ಮರುನೋಂದಣಿ, ಹಸಿರು ತೆರಿಗೆ. ಅಷ್ಟು ಹಳೆಯ ಗಾಡಿಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೆ-ಮುಂದೆ ನೋಡುತ್ತಾರೆ ಎಂಬುದೂ ಇದೆ.

ಅದಕ್ಕಿಂತ ದೊಡ್ಡ ಕಾರಣ ಮೂರನೇ ಸಾಲು. ಫಾರ್ಚುನರ್‌ನ ಚಾಸಿ ಎತ್ತರ, ಅದರಿಂದ ಹಿಂದೆ ನೆಲವೂ ಎತ್ತರ. ಕೂತರೆ ಮೊಣಕಾಲು ಎದೆಯ ಹತ್ತಿರ ಬರುತ್ತದೆ. ಆ ಸೀಟುಗಳನ್ನು ಮಡಚಿದರೆ ಪಕ್ಕದ ಗೋಡೆಗೆ ನೇತಾಡುತ್ತವೆ, ಡಿಕ್ಕಿಯ ಅಗಲವನ್ನು ತಿನ್ನುತ್ತವೆ. ಇಬ್ಬರು ಮೂವರು ಓಡಾಡುವ ಮನೆಗೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಮನೆಯಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟರೂ ಏಳೂ ಸೀಟು ತುಂಬುತ್ತವೆ. ಆರ್‌ಸಿಯಲ್ಲಿ ಬರೆದ 7 ಅಂದರೆ ಡ್ರೈವರ್ ಸೇರಿ ಏಳು, ನೆನಪಿರಲಿ.

ಹಾಗಾಗಿ ಬಾನೆಟ್ ಎತ್ತುವುದಕ್ಕಿಂತ ಮೊದಲು ಯಾರು ಎಲ್ಲಿ ಕೂರುತ್ತಾರೆ ಎಂದು ಹಾಳೆಯಲ್ಲಿ ಬರೆಯಿರಿ. ನೀವಿಬ್ಬರು ಮುಂದೆ. ಅಪ್ಪ-ಅವ್ವ ಹಿಂದಿನ ಸಾಲಿಗೆ ತೂರಲಾರರು, ಅವರು ನಡುವಿನ ಸಾಲಿಗೇ. ದೊಡ್ಡ ಮಕ್ಕಳಿಬ್ಬರು ಕೊನೆಯ ಸಾಲಿಗೆ. ಕೂಸಿನ ಸೀಟು ಎಲ್ಲಿ? ನಡುವೆ ಎರಡೇ ಬಿಡಿ ಕುರ್ಚಿ ಇರುವ ಏಳು ಸೀಟಿನ ಕ್ರಿಸ್ಟಾ ತಗೊಂಡರೆ ಅದು ಕೊನೆಯ ಸಾಲಿಗೇ ಹೋಗಬೇಕು, ಅಲ್ಲಿ ದೊಡ್ಡವರ ಕೈಗೆ ಸಿಗದು, ಕೊನೆಗೆ ಕೂಸು ತೊಡೆಯ ಮೇಲೆ ಬರುತ್ತದೆ. ಜೋರಾಗಿ ಬ್ರೇಕ್ ಹೊಡೆದರೆ ತೊಡೆಯ ಮೇಲಿನ ಕೂಸನ್ನು ಯಾವ ಕೈಯೂ ಹಿಡಿಯಲಾರದು. ಎಲ್ಲರೂ ಆ ಬಿಡಿ ಕುರ್ಚಿಯನ್ನೇ ಕ್ಯಾಪ್ಟನ್ ಸೀಟು ಅಂತ ಹುಡುಕುತ್ತಾರೆ. ನಿಮಗೆ ಬೇಕಾದದ್ದು ನಡುವೆ ಉದ್ದ ಬೆಂಚಿರುವ ಎಂಟು ಸೀಟಿನ ಕ್ರಿಸ್ಟಾ. ಎಕ್ಸ್‌ಯುವಿ500ರಲ್ಲೂ ನಡುವೆ ಮೂವರ ಬೆಂಚೇ ಇದೆ, ಹಿಂದೆ ಇಬ್ಬರು.

ಕೂಸಿನ ಸೀಟನ್ನು ಡ್ರೈವರ್ ಹಿಂದಿನ ಜಾಗಕ್ಕೆ ಕಟ್ಟುವುದು ಅನುಕೂಲ, ಏಕೆಂದರೆ ಕಟ್ಟಿದ ಸೀಟನ್ನು ಮಡಚಲಾಗದು. ಎಡಗಡೆಯ ಸೀಟು ಮಡಚಿದರೆ ಮಕ್ಕಳು ಫುಟ್‌ಪಾತ್ ಕಡೆಯಿಂದಲೇ ಹತ್ತಿ ಇಳಿಯುತ್ತಾರೆ. ನೀವು ನೋಡುವ ಗಾಡಿಯಲ್ಲಿ ಎಡಗಡೆಯದು ಸರಿಯಾಗಿ ಮಡಚುತ್ತದೆಯೇ, ಲಾಕ್ ಗಟ್ಟಿಯಾಗಿ ಬೀಳುತ್ತದೆಯೇ ನೋಡಿ. ಹಳೆಯ ಗಾಡಿಗಳಲ್ಲಿ ಈ ಲಿವರಿನ ಕೇಬಲ್ ಹೋಗಿರುವುದು ಸಾಮಾನ್ಯ. ಸೀಟಿನ ಬೆನ್ನು-ತಳ ಕೂಡುವ ಸಂದಿಯಲ್ಲಿ ಬೆರಳು ಹಾಕಿ: 28 ಸೆಂ.ಮೀ. ಅಂತರದಲ್ಲಿ ಎರಡು ಉಕ್ಕಿನ ಕೊಂಡಿ ಸಿಕ್ಕರೆ ಐಸೋಫಿಕ್ಸ್ (ಕೂಸಿನ ಸೀಟನ್ನು ಬೆಲ್ಟಿಲ್ಲದೆ ನೇರ ಸಿಕ್ಕಿಸುವ ವ್ಯವಸ್ಥೆ) ಇದೆ. ಇಲ್ಲದಿದ್ದರೆ ಬೆಲ್ಟಿನಿಂದ ಕಟ್ಟುವ ಸೀಟು ನಡೆಯುತ್ತದೆ, ಆದರೆ ಅಲ್ಲಿ ಭುಜದ ಮೇಲೆ ಬರುವ ಮೂರು ಬಿಂದುವಿನ ಬೆಲ್ಟ್ ಇರಲೇಬೇಕು. ಸೊಂಟಕ್ಕಷ್ಟೇ ಬರುವ ಬೆಲ್ಟಿಗೆ ಹೆಚ್ಚಿನ ಸೀಟುಗಳು ಕೂರುವುದಿಲ್ಲ.

ಗಾಡಿ ನೋಡಲು ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ. ಮೊಣಕಾಲು ನೋವಿರುವವರು ಎರಡು ಸಲ ಹತ್ತಿ ಇಳಿದರೆ ಮುಗಿಯಿತು, ಅರ್ಧ ತೀರ್ಮಾನ ಅಲ್ಲೇ. ಮಕ್ಕಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಮೂರೂ ಸಾಲಿನ ಎಸಿ ಹಾಕಿಸಿ. ಆಮೇಲೆ ಕೊನೆಯ ಸಾಲಿನ ಸೀಟು ಮಡಚದೆಯೇ ಒಂದು ದೊಡ್ಡ ಸೂಟ್‌ಕೇಸ್ ಡಿಕ್ಕಿಗೆ ಇಟ್ಟು ಬಾಗಿಲು ಮುಚ್ಚಿ ನೋಡಿ. ಎಕ್ಸ್‌ಯುವಿ500 ಇಲ್ಲೇ ಸೋಲುತ್ತದೆ. ಏಳು ಮಂದಿ ಕೂತರೆ ಒಂದೆರಡು ಸಣ್ಣ ಚೀಲಕ್ಕಷ್ಟೇ ಜಾಗ, ಉಳಿದದ್ದು ಕ್ಯಾರಿಯರ್ ಮೇಲೆ. ಮೇಲೆ ಭಾರ ಹೇರಿಕೊಂಡು ಅರಬೈಲ್ ಘಟ್ಟ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಎಕ್ಸ್‌ಯುವಿಯ ಎಂಜಿನ್ ಚಲೋ, 2179 ಸಿಸಿ, ಎಳೆತಕ್ಕೆ ಕೊರತೆಯಿಲ್ಲ. ಅದರ ಕ್ಲಚ್ ಮತ್ತು ಡ್ಯೂಯಲ್ ಮಾಸ್ ಫ್ಲೈವೀಲ್ (ಕ್ಲಚ್‌ಗೆ ತಾಗಿ ಕೂತ, ನಡುಕ ತಡೆಯುವ ಭಾರದ ಚಕ್ರ) ಒಟ್ಟಿಗೆ ಹೋದರೆ ಐದಂಕಿ ಬಿಲ್ಲು. ಮುಂದಿನ ಸಸ್ಪೆನ್ಶನ್ ಬುಷ್‌ಗಳ (ಕೀಲುಗಳಲ್ಲಿ ಕೂರುವ ರಬ್ಬರ್ ಬಳೆ) ಟಕಟಕ ಸದ್ದೂ ಅದರ ಹಳೆಯ ರೋಗ. 2021ಕ್ಕೆ ಆ ಮಾಡೆಲ್ ನಿಂತಿದೆ.

ಯಾರಾದರೂ ಹಳೆಯ ಸ್ಕಾರ್ಪಿಯೊ ಹೇಳಿದರೆ, ಹಿಂದೆ ಎದುರುಬದುರು ಕೂರುವ ಅಡ್ಡ ಸೀಟಿನದ್ದಾದರೆ ಬೇಡವೇ ಬೇಡ. ಅಡ್ಡ ಕೂತ ಮಗುವಿಗೆ ಅಪಘಾತದಲ್ಲಿ ರಕ್ಷಣೆಯೇ ಇಲ್ಲ. 2017ರಿಂದ 2020ರವರೆಗೆ ಬಂದ ಟಾಟಾ ಹೆಕ್ಸಾವನ್ನು ಮಂದಿ ಮರೆತುಬಿಟ್ಟಿದ್ದಾರೆ. ಚಲೋ ಸ್ಥಿತಿಯದ್ದು ಸಿಕ್ಕರೆ ಅದನ್ನೂ ಒಮ್ಮೆ ನೋಡಿ.

ಅಂದರೆ ನಿಮ್ಮ ಮೂರರಲ್ಲಿ ಉಳಿದದ್ದು ಕ್ರಿಸ್ಟಾ. ಆದರೆ ಅದರ ಅಪಾಯವೂ ದೊಡ್ಡದು: ಟ್ಯಾಕ್ಸಿಯಾಗಿ ಓಡಿ ಆಮೇಲೆ ವೈಟ್ ಬೋರ್ಡ್ ಆದ ಗಾಡಿಗಳು. ಎಂಟು ಸೀಟಿನದ್ದು ಟ್ಯಾಕ್ಸಿಯವರಿಗೂ ಪ್ರಿಯ. ಪರಿವಾಹನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಗಾಡಿಯ ವರ್ಗ, ಎಷ್ಟನೇ ಮಾಲೀಕರು, ಸಾಲದ ನಮೂದು, ವಿಮೆಯ ಅವಧಿ ನೋಡಬಹುದು. ಹಳದಿ ಬೋರ್ಡಿನ ಇತಿಹಾಸ ಗಾಡಿಯ ಮೈಮೇಲೂ ಉಳಿದಿರುತ್ತದೆ: ಗಂಟೆಗೆ 80 ಕಿ.ಮೀ.ಗೆ ಕಟ್ಟುವ ಸ್ಪೀಡ್ ಗವರ್ನರ್‌ನ ವೈರಿಂಗ್ ಕತ್ತರಿಸಿ ಟೇಪ್ ಸುತ್ತಿದ್ದು, ಮೇಲ್ಛಾವಣಿಯಲ್ಲಿ ಕ್ಯಾರಿಯರ್ ಬೋಲ್ಟಿನ ಗುರುತು, ಡ್ರೈವರ್ ಸೀಟಿಗಿಂತ ಹೆಚ್ಚು ಸವೆದ ನಡುವಿನ ಸೀಟು.

ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪಿನ ಹತ್ತು ನಿಮಿಷದ ಕೆಲಸ, ಆ ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2317 ಅಂದರೆ 2017ರ 23ನೇ ವಾರ. ಮೀಟರ್ 38,000 ತೋರಿಸುತ್ತಿದೆ, ಐದೂ ಟೈರ್ 2022ರವು ಅಂದರೆ ಮೊದಲ ಸೆಟ್ ಎಲ್ಲಿ ಸವೆಯಿತು ಎಂದು ಕೇಳಿ. ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿ ಸ್ಟೇರಿಂಗ್ ಹೊಳೆಯುತ್ತಿದ್ದರೆ ಲಕ್ಷ ದಾಟಿದ ಗಾಡಿ. ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದು ಅಂದರೆ ಇನ್ನೂ ಅನುಮಾನ. ಮಾಲೀಕರ ಒಪ್ಪಿಗೆ ಪಡೆದು ಕಂಪನಿ ಸರ್ವೀಸ್ ಸೆಂಟರಿನಲ್ಲಿ ಹಳೆಯ ಜಾಬ್ ಕಾರ್ಡುಗಳನ್ನು ತೆಗೆಸಿ, ಪ್ರತಿ ಸರ್ವೀಸಿನ ಕಿ.ಮೀ. ಸಾಲಾಗಿ ಏರಿದೆಯೇ ನೋಡಿ. ಹಾಗೆ ನೋಡಿದರೆ ನಿಯಮಿತ ಸರ್ವೀಸ್ ಆದ 1,60,000 ಕಿ.ಮೀ.ನ ಕ್ರಿಸ್ಟಾ, ದಾಖಲೆಯೇ ಇಲ್ಲದ 60,000ದ್ದಕ್ಕಿಂತ ಸಾವಿರ ಪಾಲು ಮೇಲು.

ಎಂಜಿನ್ ತಣ್ಣಗಿದ್ದಾಗಲೇ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಬರುತ್ತೇನೆ, ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಹೇಳಿ. ಹೋದೊಡನೆ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚುತ್ತಿದ್ದಾರೆ. ಸೆಲ್ಫ್ ಹೊಡೆದಾಗ ಕ್ಷಣದಲ್ಲಿ ಹಿಡಿಯಬೇಕು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು, ಇಲ್ಲವೇ ಇಂಜೆಕ್ಟರ್ ಕೆಟ್ಟಿರಬಹುದು. ಎಕ್ಸಿಲೇಟರ್ ಕೊಟ್ಟಾಗ ಕರಿ ಹೊಗೆ ಅಂದರೆ ಇಜಿಆರ್‌ನಲ್ಲಿ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಕಳಿಸುವ ವಾಲ್ವ್) ಮಸಿ ಕಟ್ಟಿದೆ ಅಥವಾ ಟರ್ಬೊ ಪೈಪ್ ಎಲ್ಲೋ ಸೋರುತ್ತಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ತೆಗೆಯಿರಿ. ಸ್ವಲ್ಪ ಆವಿ ಸಹಜ. ಮುಚ್ಚಳ ಕುಣಿಯುವಷ್ಟು ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿವೆ, ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ. ಕೂಲೆಂಟ್ ಮುಚ್ಚಳವನ್ನು ಮಾತ್ರ ತಣ್ಣಗಿದ್ದಾಗಲೇ ತೆಗೆಯಬೇಕು. ಮೇಲೆ ಎಣ್ಣೆಯ ಪೊರೆ ಕಂಡರೆ ಎಂಜಿನ್‌ನಲ್ಲಿ ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಕ್ರಿಸ್ಟಾದ 2.4 ಲೀಟರ್ ಎಂಜಿನ್‌ಗೆ ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳ ತಾಳ ಹಿಡಿಯುವ ಸರಪಳಿ. 2016ಕ್ಕಿಂತ ಹಿಂದಿನ ಇನ್ನೋವಾದ 2.5 ಎಂಜಿನ್‌ಗೆ ಅದರ ಬದಲು ಬೆಲ್ಟ್, ಅದನ್ನು ಅವಧಿಗೆ ಸರಿಯಾಗಿ ಬದಲಿಸಬೇಕು. ಯಾರಾದರೂ ಕಡಿಮೆ ದರಕ್ಕೆ ಹಳೆಯ ಇನ್ನೋವಾ ತೋರಿಸಿದರೆ ಬೆಲ್ಟ್ ಬದಲಿಸಿದ ರಸೀದಿ ಕೇಳಿ, ಇಲ್ಲದಿದ್ದರೆ ಆ ಖರ್ಚನ್ನು ದರದಲ್ಲಿ ಇಳಿಸಿ. ಬಜೆಟ್ ಹಿಗ್ಗಿಸಿ 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್‌ಗೆ ಹೋದರೆ ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಇರುತ್ತದೆ. ದಿನಾ ವಿದ್ಯಾನಗರದಿಂದ ಶಾಲೆ, ಶಾಲೆಯಿಂದ ಮನೆ ಅಷ್ಟೇ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಗಬ್ಬೂರಿನಿಂದ ನರೇಂದ್ರದ ಕಡೆಗೆ ಬೈಪಾಸ್‌ನಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ತಾನೇ ಸುಟ್ಟು ಸ್ವಚ್ಛವಾಗುತ್ತದೆ.

ಬಾಡಿ ನೋಡುವಾಗ ಗಾಡಿ ಯಾವ ಊರಲ್ಲಿ ಬದುಕಿತ್ತು ಎಂದು ಕೇಳಿ. ನಮಗೆ ಗೋವಾ, ಕಾರವಾರ ಹತ್ತಿರ, ಅಲ್ಲಿನ ಗಾಡಿಗಳು ಹುಬ್ಬಳ್ಳಿ ಮಾರುಕಟ್ಟೆಗೆ ಬರುತ್ತವೆ. ಉಪ್ಪುಗಾಳಿಯ ತುಕ್ಕು ಮೇಲೆ ಕಾಣುವುದಿಲ್ಲ, ಚಾಸಿಯ ಹಿಂದಿನ ತುದಿ, ಬ್ರೇಕ್ ಪೈಪ್, ಸ್ಟೆಪ್ನಿ ಕಟ್ಟುವ ಜಾಗದಲ್ಲಿ ಇರುತ್ತದೆ. ರ‍್ಯಾಂಪ್ ಮೇಲೆ ಏರಿಸಿ ನೋಡಿ. ಕೆಳಗೆಲ್ಲ ಹೊಚ್ಚ ಹೊಸ ಕರಿ ಕೋಟಿಂಗ್ ಬಳಿದಿದ್ದರೆ ಖುಷಿಪಡಬೇಡಿ, ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಿ. ನವಲಗುಂದ, ಅಣ್ಣಿಗೇರಿ ಕಡೆಯ ಗಾಡಿಯಾದರೆ ಬೇರೆಯ ಕಥೆ: ಎರಿ ಮಣ್ಣು ಒಣಗಿ ಚಕ್ರದ ಗೂಡಿನಲ್ಲಿ ಸಿಮೆಂಟಿನಂತೆ ಕೂತಿರುತ್ತದೆ, ರೇಡಿಯೇಟರ್ ಸಂದಿ ಮುಚ್ಚಿರುತ್ತದೆ, ಎಕ್ಸ್‌ಯುವಿಯಂಥ ಮುಂದಿನ ಚಕ್ರದ ಗಾಡಿಗಳಲ್ಲಿ ಆಕ್ಸಲ್‌ನ ರಬ್ಬರ್ ಬೂಟ್ ಹರಿದಿರುತ್ತದೆ. ಬ್ಯಾಡಗಿ ಸೀಸನ್ನಿನಲ್ಲಿ ಹಿಂದಿನ ಸೀಟು ಮಡಚಿ ಮೆಣಸಿನಕಾಯಿ ಚೀಲ ಹೇರಿದ ಗಾಡಿಯನ್ನು ಗುರುತಿಸಲು ಮೆಕ್ಯಾನಿಕ್ ಬೇಕಿಲ್ಲ, ಎಸಿ ಜೋರಾಗಿ ಹಾಕಿದರೆ ಸಾಕು, ಸೀನು ತಾನೇ ಹೇಳುತ್ತದೆ.

ನೆರೆಯಲ್ಲಿ ಮುಳುಗಿದ ಗಾಡಿಯೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮುಳುಗಿದ್ದರೆ ಒಳಗೆ ಅಡಗಿದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯ ತುಕ್ಕನ್ನೂ ನೋಡಿ. ಬಾನೆಟ್ ಮತ್ತು ಬಾಗಿಲಿನ ಬೋಲ್ಟ್ ತಲೆಗಳಲ್ಲಿ ಪಾನಾ ತಾಗಿ ಬಣ್ಣ ಎದ್ದಿದ್ದರೆ ಬಿಚ್ಚಿ ಜೋಡಿಸಿದ್ದಾರೆ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಕಂಪನಿ ಬಣ್ಣ ಸುಮಾರು 80ರಿಂದ 150 ಮೈಕ್ರಾನ್, 300 ದಾಟಿದರೆ ಪುಟ್ಟಿ ಹಾಕಿದ ಜಾಗ. ಒಂದು ಬಾಗಿಲಿಗೆ ಟಚಪ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮೇಲ್ಛಾವಣಿ ಹೊರುವ ಕಂಬಗಳಲ್ಲಿ, ಚಾಸಿಯ ಮುಂದಿನ ಕೊಂಬುಗಳಲ್ಲಿ ವೆಲ್ಡಿಂಗ್ ಕಂಡರೆ ಬಿಟ್ಟುಬಿಡಿ.

ಓಡಿಸಿ ನೋಡಲು ಊರಿನೊಳಗಿನ ಒಂದು ಸುತ್ತು ಸಾಲದು. ಉಣಕಲ್ ಕಡೆಯ ಒಳರಸ್ತೆಯ ಹಂಪ್‌ಗಳ ಮೇಲೆ ರೇಡಿಯೊ ಆರಿಸಿ ನಿಧಾನ ಹೋಗಿ, ಬುಷ್, ಲಿಂಕ್ ರಾಡ್‌ಗಳ ಸದ್ದು ಅಲ್ಲಿ ಕೇಳುತ್ತದೆ. ಬೈಪಾಸ್‌ನಲ್ಲಿ 80ಕ್ಕೆ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್ ಸೊಟ್ಟಾಗಿದೆ. ಮೂವತ್ತರ ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಪೂರ್ತಿ ತುಳಿಯಿರಿ. ಆರ್‌ಪಿಎಂ ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಧಾರವಾಡಕ್ಕೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯದ ಏರಿನಲ್ಲಿ ಏಳು ಮಂದಿಯನ್ನೂ ಕೂರಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ, ಮತ್ತೆ ಹೊರಡುವಾಗ ಕ್ಲಚ್ ಸುಟ್ಟ ವಾಸನೆ ಬರುತ್ತದೆಯೇ ನೋಡಿ.

ಕಾಗದಪತ್ರಕ್ಕೆ ಬಂದರೆ ಕೆಎ-25 (ಧಾರವಾಡ) ಅಥವಾ ಕೆಎ-63 (ಹುಬ್ಬಳ್ಳಿ) ನಂಬರಿನದ್ದು ಸಿಕ್ಕರೆ ತಲೆನೋವು ಕಡಿಮೆ. ದೆಹಲಿ ಕಡೆಯ ಡೀಸೆಲ್ ಗಾಡಿಗಳು ಅಗ್ಗ, ಕಾರಣ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಮೇಲೆ ಬಂದ ನಿರ್ಬಂಧ. ಇಲ್ಲಿ ತಂದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ. ಹೊಸ ಗಾಡಿಗೆ 10ರಿಂದ 20 ಲಕ್ಷದವರೆಗೆ 17%, ಅದಕ್ಕೂ ಮೇಲೆ 18%, ಹಳೆಯದಕ್ಕೆ ವಯಸ್ಸಿನ ಪ್ರಕಾರ ಇಳಿಯುತ್ತದೆ. ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿಕೊಂಡೇ ದರ ಮಾತಾಡಿ, ಅಗ್ಗ ಎಲ್ಲಿ ಹೋಯಿತು ಎಂದು ಅಲ್ಲೇ ಕಾಣುತ್ತದೆ.

ಗಾಡಿ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಮಾರುವ ಕಡೆಯಿಂದ ಆರ್‌ಸಿಯಲ್ಲಿ ಹೆಸರಿರುವವರದ್ದೇ ಸಹಿ ಬೇಕು, ನಡುವಿನ ಏಜೆಂಟರದ್ದಲ್ಲ. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲವಾದರೆ ನಿಮ್ಮ ಗಾಡಿಯ ಹಾನಿಗೆ ಕ್ಲೇಮ್ ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್ ಮಾರುವವರ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ, ಅದನ್ನು ತೋರಿಸಿ ದರ ಏರಿಸಲು ಬಿಡಬೇಡಿ.

12 ಲಕ್ಷವನ್ನೂ ಗಾಡಿಗೇ ಹಾಕಬೇಡಿ, ಒಂದೂವರೆ ಲಕ್ಷ ಪಕ್ಕಕ್ಕಿರಲಿ. ಬಂದ ವಾರವೇ ಎಂಜಿನ್ ಆಯಿಲ್, ನಾಲ್ಕೂ ಫಿಲ್ಟರ್, ಬ್ರೇಕ್ ಆಯಿಲ್, ಕೂಲೆಂಟ್, ಫ್ಯಾನ್ ಬೆಲ್ಟ್ ಬದಲಿಸಿ, ಟೈರ್ ಆರು ವರ್ಷ ದಾಟಿದ್ದರೆ ಅದೂ. ಎರಡನೇ ಕೀ ಕೇಳಿ ಪಡೆಯಿರಿ, ಇಮೊಬಿಲೈಸರ್ ಇರುವ ಕೀ ಹೊಸದಾಗಿ ಮಾಡಿಸಲು ಸಾವಿರಾರು ರೂಪಾಯಿ ಬೇಕು. ಹಳೆಯ ಮಾಲೀಕರ ಫಾಸ್ಟ್ಯಾಗ್ ಅವರ ಕೈಯಿಂದಲೇ ಬಂದ್ ಮಾಡಿಸಿ, ಒಂದು ಗಾಡಿಗೆ ಒಂದೇ ಟ್ಯಾಗ್ ಆದ್ದರಿಂದ ಅದು ಮುಚ್ಚದೆ ನಿಮ್ಮದು ಸಿಗುವುದಿಲ್ಲ.