ಆರ್ಸ್ ಗುರುಗಳು ರೋಗ ವಾಸಿ ಮಾಡುತ್ತಿದ್ದರಾ?

ನಮಸ್ಕಾರ. ಫ್ರಾನ್ಸಿನ ಆರ್ಸ್ ಹಳ್ಳಿಯ ಚರ್ಚಿನ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಜಾನ್ ಮರಿಯ ವಿಯಾನ್ನಿ ಮುಟ್ಟಿ ರೋಗ ವಾಸಿ ಮಾಡುತ್ತಿದ್ದರಾ, ದರ್ಶನ ಕಾಣುತ್ತಿದ್ದರಾ ಅಂತ ಕೇಳಿದ್ದೀರಿ.

ವಾಸಿಯಾದವರ ಸಾಕ್ಷ್ಯಗಳು ಇವೆ. ಆದರೆ ಅವರು ಅದನ್ನು ತಮ್ಮ ಹೆಸರಿಗೆ ಯಾವತ್ತೂ ಹಾಕಿಕೊಳ್ಳಲಿಲ್ಲ. ಎಲ್ಲವೂ ಸಂತ ಫಿಲೋಮಿನಾ ಮಾಡಿದ್ದು ಅನ್ನುತ್ತಿದ್ದರು. ನಮ್ಮ ಮೈಸೂರಿನ ದೊಡ್ಡ ಚರ್ಚಿನ ಫಿಲೋಮಿನಾ ಇದ್ದಾರಲ್ವಾ, ಅವರೇ! ಬಂದ ರೋಗಿಗಳಿಗೆ ಆಕೆಗೆ ಪ್ರಾರ್ಥನೆ ಮಾಡಿ ಅಂತ ಹೇಳಿ ಕಳಿಸುತ್ತಿದ್ದರು. ದರ್ಶನಗಳ ಬಗ್ಗೆ ಬೇರೆಯವರು ಹೇಳಿದ್ದೇ ಜಾಸ್ತಿ. ರಾತ್ರಿ ಸೈತಾನ ಕಾಟ ಕೊಡುತ್ತಾನೆ ಅಂತ ಮಾತ್ರ ಅವರೇ ಹೇಳುತ್ತಿದ್ದರು. ಅವನಿಗೆ 'ಗ್ರಾಪ್ಪಾಂ' ಅಂತ ಅಡ್ಡಹೆಸರೂ ಇಟ್ಟಿದ್ದರು.

ನನ್ನ ಮನಸ್ಸಿಗೆ ತಟ್ಟುವುದು ಬೇರೆ. ರೈತರ ಮಗ, 1786ರಲ್ಲಿ ಹುಟ್ಟಿದವರು. ಪಾದ್ರಿಯಾಗಲು ಓದುವಾಗ ಲ್ಯಾಟಿನ್ ತಲೆಗೆ ಹತ್ತದೆ ಪರೀಕ್ಷೆಯಲ್ಲಿ ಸೋತರು. 1815ರಲ್ಲಿ ಹೇಗೋ ಗುರುದೀಕ್ಷೆ, ಅಂದರೆ ಪಾದ್ರಿಯ ಪಟ್ಟ, ಸಿಕ್ಕಿತು. 1818ರಲ್ಲಿ ಆರ್ಸ್‌ಗೆ ಹೋದಾಗ ಅಲ್ಲಿದ್ದದ್ದು ಸುಮಾರು 230 ಜನ. ಕೊನೆಯ ವರ್ಷಗಳಲ್ಲಿ ಅದೇ ಹಳ್ಳಿಗೆ ವರ್ಷಕ್ಕೆ ಸಾವಿರಾರು ಜನ ಬರುತ್ತಿದ್ದರು. ಬರುತ್ತಿದ್ದದ್ದು ಪಾಪನಿವೇದನೆಗೆ, ಅಂದರೆ ತಮ್ಮ ಪಾಪಗಳನ್ನು ಗುರುಗಳ ಹತ್ತಿರ ಹೇಳಿಕೊಂಡು ದೇವರ ಕ್ಷಮೆ ಪಡೆಯಲು. ಚಳಿಯಲ್ಲೂ ಸೆಕೆಯಲ್ಲೂ ದಿನಕ್ಕೆ 16 ಗಂಟೆಯವರೆಗೆ ಆ ಪುಟ್ಟ ಪೆಟ್ಟಿಗೆಯಂಥ ಜಾಗದಲ್ಲಿ ಕೂತು ಕೇಳುತ್ತಿದ್ದರು. ಬಾಯಿಬಿಟ್ಟು ಹೇಳದ ಪಾಪವೂ ಅವರಿಗೆ ಗೊತ್ತಾಗುತ್ತಿತ್ತು ಅಂತ ಬಂದವರು ಹೇಳಿದ್ದಾರೆ. ಊಟ ಎಂದರೆ ಬೇಯಿಸಿಟ್ಟ ಆಲೂಗಡ್ಡೆ. ಸಾಕಾಗಿ, ಎಲ್ಲಾದರೂ ಒಬ್ಬರೇ ಪ್ರಾರ್ಥನೆ ಮಾಡಿಕೊಂಡಿರೋಣ ಅಂತ ಊರು ಬಿಟ್ಟು ಹೋಗಲು ನೋಡಿದ್ದೂ ಉಂಟು, ಮತ್ತೆ ವಾಪಸ್ ಬಂದರು. 1859ರ ಆಗಸ್ಟ್ 4ರಂದು ಅಲ್ಲೇ ತೀರಿಕೊಂಡರು. 1925ರಲ್ಲಿ ಸಂತ ಪದವಿ ಸಿಕ್ಕಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ಕೇಳಿದ್ದರೆ, ಪ್ರಾರ್ಥನೆ ಮಾಡಿ, ಡಾಕ್ಟರ ಔಷಧಿ ಮಾತ್ರ ನಿಲ್ಲಿಸಬೇಡಿ.